ಖಾಲಿ ಬಿದ್ದ ಹೆಸರು

ರೈಲಿನಿಂದ ಇಳಿದವರನ್ನೆಲ್ಲ ಅರಳೆ ಗೋದಾಮಿನ ನೆರಳಿನಲ್ಲಿ ಕೂರಿಸಿದರು. ನಾನು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ನನ್ನ ಗಂಡ ಕೂರಲಿಲ್ಲ. ಗೋಡೆಯಾಚೆ ಕಾಣುತ್ತಿದ್ದ ಚಿಮಣಿಯನ್ನು ನೋಡುತ್ತ ನಿಂತೇ ಇದ್ದರು. ನಾವು ನೇಯ್ಗೆಯವರು. ಗಿರಣಿಯ ಸೀರೆ ನಮ್ಮ ಕಡೆಯ ಸಂತೆಗಳಿಗೆ ಬಂದ ಮೇಲೆ ಕೈಮಗ್ಗದ ಸೀರೆಯನ್ನು ಮುಟ್ಟಿ ನೋಡುವವರೂ ಇಲ್ಲದಾಗಿದ್ದರು. ಯಾವ ಗಿರಣಿ ನಮ್ಮ ಅನ್ನ ಕಿತ್ತುಕೊಂಡಿತ್ತೋ ಅದರ ಬಾಗಿಲಿಗೇ ಅನ್ನ ಕೇಳಿಕೊಂಡು ಬಂದಿದ್ದೆವು.

ಗಿರಣಿಗೆ ಆಳು ಹುಡುಕಿ ಕೊಡುವವನಿಗೆ ಆ ಊರಲ್ಲಿ ಜಾಬರ ಎನ್ನುತ್ತಿದ್ದರು. ನಾವು ಬಂದಾಗ ಕಾಶಿನಾಥ ಜಾಬರ ಗಿರಣಿಗೆ ಜಾಬರನೂ ಹೌದು, ಮುನ್ಸಿಪಾಲ್ಟಿಗೆ ಅಧ್ಯಕ್ಷನೂ ಹೌದು. ಬಿಳಿ ಕೋಟು, ತಗ್ಗಿದ ದನಿ. ಯಾರನ್ನೂ ಗದರಿಸುವ ಪೈಕಿಯವನಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು, ಮದುವೆ ಮನೆಯಲ್ಲಿ ಬೀಗರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದ.

"ಹೆಸರೇನಪಾ?" ಎಂದು ಇವರನ್ನು ಕೇಳಿದ.

"ಯಮನೂರಪ್ಪ ರೀ."

"ಚಲೋ ಹೆಸರು. ಗಂಟಿನ್ಯಾಗ ಕಟ್ಟಿಡು, ಊರಿಗೆ ಹೋಗುವಾಗ ಬೇಕಾಗ್ತೈತಿ. ಇಲ್ಲಿ ಸದ್ಯ ಬಾಯ್ಲರಿನ ಕಡೆ ಭರಮಪ್ಪ ಅನ್ನೂ ಹೆಸರು ಖಾಲಿ ಐತಿ." ಕೋಟಿನ ಜೇಬಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದು, ಅದರ ಕರಿದಾರವನ್ನು ತಾನೇ ಇವರ ಕೊರಳಿಗೆ ಹಾಕಿದ. ಬಿಲ್ಲೆಯ ಮೇಲೆ ಹೆಸರು ಕೊರೆದಿತ್ತು. ಅಕ್ಷರಗಳು ಬೆವರಿಗೆ ಸವೆದು ನುಣುಪಾಗಿದ್ದವು.

"ಹಿಂದಿನ ಭರಮಪ್ಪ ಎಲ್ಲಿ ಹೋದ್ರು ರೀ?"

"ಹಿಂದಿನವ, ಮುಂದಿನವ ಅಂತ ಏನಿಲ್ಲ. ಭರಮಪ್ಪ ಅಂದ್ರ ಭರಮಪ್ಪ." ಆಮೇಲೆ ಜಾಬರ ನನ್ನ ಕಡೆ ತಿರುಗಿ ಇನ್ನೂ ಮೆತ್ತಗೆ ಹೇಳಿದ. "ಭರಮಪ್ಪಗ ಹೆಂಡತಿ ಇದ್ದಾಳವಾ. ಅದಕ್ಕ ನೀ ಅವನ ತಂಗಿ ಅಂತ ಆಗ್ತದ. ಬರೇ ಮಾತಿಗೆ, ತಾಯಿ. ಮೊದಲು ಹೊಟ್ಟಿ ತುಂಬಲಿ."

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡಿದರು. ನಮ್ಮ ಪಕ್ಕದಲ್ಲಿ ಕುಳಿತವರು ಒಬ್ಬೊಬ್ಬರೇ ಹೊಸ ಹೆಸರು ಹಾಕಿಸಿಕೊಂಡು, ಅದನ್ನು ಬಾಯಲ್ಲಿ ಎರಡು ಸಲ ಹೇಳಿ ನೋಡಿಕೊಂಡು, ಗೇಟಿನ ಕಡೆ ನಡೆಯತೊಡಗಿದ್ದರು. ನಾವೂ ಎದ್ದೆವು.

ಭರಮಪ್ಪನ ಮನೆ ಗಿರಣಿ ಆಳುಗಳ ಸಾಲುಮನೆಗಳ ಚಾಳಿನಲ್ಲಿ ಒಂದು ಖೋಲಿ, ಅದರ ಹಿಂದೆ ಸಣ್ಣ ಅಡಿಗೆ ಮನೆ. ಬಾಗಿಲು ತೆರೆದವಳು ಅಂಬಕ್ಕ, ಎತ್ತರದ ಹೆಂಗಸು, ಗಿರಣಿಯಲ್ಲಿ ಅರಳೆ ಆರಿಸುವವಳು. ತಲೆಗೂದಲಲ್ಲೆಲ್ಲ ಅರಳೆಯ ಎಳೆ ಅಂಟಿತ್ತು. ಅವಳು ಇವರ ಕೊರಳಿನ ಬಿಲ್ಲೆ ನೋಡಿದಳು, ಮುಖ ನೋಡಲಿಲ್ಲ. "ಕಾಲು ತೊಳಕೊಂಡು ಬರ್ರಿ," ಎಂದು ಹೇಳಿ ಒಳಗೆ ಹೋಗಿ ತಟ್ಟೆ ಇಟ್ಟಳು. ನನಗೂ ಒಂದು ತಟ್ಟೆ ಇಟ್ಟಳು. ಊಟವಾದ ಮೇಲೆ ನನ್ನನ್ನು ಒಲೆಯ ಹತ್ತಿರ ಕರೆದು, "ನೀ ಅವನ ಹೆಂಡತಿ ಅಂತ ನನಗೆ ತಿಳೀತು. ಅಂಜಬ್ಯಾಡ. ನಾನು ಅಡಿಗಿ ಮನ್ಯಾಗ ಮಲಗತೀನಿ. ಬ್ಯಾರೆದವರ ಗಂಡ ನನಗ ಬ್ಯಾಡ," ಎಂದಳು.

"ನಿಮ್ಮವರು ಎಲ್ಲಿ ಹೋದ್ರು, ಅಕ್ಕಾ?"

"ನನ್ನವನು ಯಾವಾಗೋ ಹೋದ. ಆಮ್ಯಾಲ ಬಂದವರೂ ಹೋದ್ರು. ಇವನಿಗಿಂತ ಮೊದಲಿನವ ಹಾಡತಿದ್ದ," ಎಂದು ಒಲೆಯ ಬೂದಿ ಕೆದಕಿದಳು.

ಚಾಳಿನವರಿಗೆ ಇದೆಲ್ಲ ರೂಢಿಯಾಗಿತ್ತು. ಹೊಸದಾಗಿ ಬಂದವನಿಗೆ ಆ ಹೆಸರಿನ ಅಂಗಿಗಳನ್ನು ಒಗೆದು ಕೊಡುತ್ತಿದ್ದರು. ಆ ಹೆಸರಿನ ಗೆಳೆಯರು ಬಂದು ಕರೆದುಕೊಂಡು ಹೋಗಿ ಚಹಾ ಕುಡಿಸುತ್ತಿದ್ದರು. ನಾವು ಬಂದ ವಾರವೇ ಪಕ್ಕದ ಖೋಲಿಗೂ ಒಬ್ಬ ಬಂದ. ಅವನನ್ನು ಬಾಗಿಲಲ್ಲಿ ನೋಡಿದ ಆ ಮನೆಯ ಪುಟ್ಟ ಹುಡುಗಿ, "ಅಪ್ಪ ಈ ಸಲ ಕರ್ರಗ ಅದಾನ," ಎಂದು ಹೇಳಿ ಆಡಲು ಓಡಿಹೋದಳು. ಅವಳ ತಾಯಿ ನಗುತ್ತ ಒಳಗೆ ಕರೆದಳು. ಇಡೀ ಊರಿನಲ್ಲಿ ಬಳೆಯಿಲ್ಲದ ಕೈಯನ್ನು ನಾನು ಕಾಣಲಿಲ್ಲ.

ಮೊದಲು ಬದಲಾದದ್ದು ನಿದ್ದೆ. ಇವರಿಗೆ ನಿದ್ದೆಯಲ್ಲೂ ಬಲಗಾಲು ಆಡುತ್ತಿತ್ತು, ಮಗ್ಗದ ಕುಣಿಯಲ್ಲಿ ಕುಳಿತು ಪೆಡಲು ತುಳಿದ ಹಾಗೆ. ಮದುವೆಯಾದ ಹೊಸದರಲ್ಲಿ ನನಗೆ ಅದರಿಂದ ನಿದ್ದೆ ಹತ್ತುತ್ತಿರಲಿಲ್ಲ, ಆಮೇಲೆ ಅದಿಲ್ಲದೆ ಹತ್ತುತ್ತಿರಲಿಲ್ಲ. ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದಾಗ ಒಂದು ದಿನ ನೋಡುತ್ತೇನೆ, ಕಾಲು ಕದಲುತ್ತಿಲ್ಲ. ಕೊರಡಿನ ಹಾಗೆ ಬಿದ್ದಿದೆ. ನಾನು ಅಂಗಾಲಿಗೆ ಕಚಗುಳಿ ಇಟ್ಟು ನೋಡಿದೆ. ಎಳೆದುಕೊಂಡು ಮಗ್ಗುಲಾದರು, ಅಷ್ಟೆ.

ಆಮೇಲೆ ಉಪ್ಪು ಕಡಿಮೆ ಕೇಳತೊಡಗಿದರು. ಹುಟ್ಟಿದಾಗಿನಿಂದ ಮುಟ್ಟದ ಎಲೆ ಅಡಿಕೆ ಕೇಳಿದರು. ಒಂದು ಸಂಜೆ ಕೆಲಸದಿಂದ ಬಂದವರು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ ಒಳಗಿನವಳನ್ನು "ಅಂಬೂ" ಎಂದು ಕರೆದರು. ಅಂಬಕ್ಕನ ಕೈಯಿಂದ ತಂಬಿಗೆ ಜಾರಿ ಬಿತ್ತು. ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದವನು ಒಬ್ಬನೇ, ಎಲ್ಲರಿಗಿಂತ ಮೊದಲಿನ ಭರಮಪ್ಪ, ಅವಳ ಗಂಡ, ಅದೂ ಇಬ್ಬರೇ ಇದ್ದಾಗ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ನೆಲದ ನೀರು ಒರೆಸಲು ಬಗ್ಗಿದೆ. ಅವರು ನನ್ನನ್ನು ದಾಟಿ ಒಳಗೆ ಬಂದು, "ಈಚೆ ಸರಿ ತಂಗಿ, ಕಾಲು ಜಾರೀತು," ಎಂದರು. ಆಟಕ್ಕೆ ಅಂದದ್ದಲ್ಲ. ನನ್ನ ಮೇಲೆ ಕಾಳಜಿಯಿಂದ ಅಂದದ್ದು.

ಮರುದಿನ ನಾನು ಬಿಲ್ಲೆಯನ್ನು ಅಕ್ಕಿಯ ಡಬ್ಬಿಯೊಳಗೆ ಬಚ್ಚಿಟ್ಟೆ. ಬಿಲ್ಲೆ ಇಲ್ಲದಿದ್ದರೆ ಹೆಸರೂ ಹೋಗುತ್ತದೆ ಎಂದುಕೊಂಡಿದ್ದೆ. ಗೇಟಿನವರು ಅವರನ್ನು ಒಳಗೆ ಬಿಡಲಿಲ್ಲ. ಅಲ್ಲಿಂದ ಮನೆಗೂ ಬರಲಿಲ್ಲ. ನಾನು ಹುಡುಕಿಕೊಂಡು ಹೋದಾಗ ಗಿರಣಿಯ ಗೋಡೆಗೆ ಬೆನ್ನು ಕೊಟ್ಟು ಬಿಸಿಲಲ್ಲಿ ನಿಂತಿದ್ದರು. ಕಣ್ಣು ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಗಟಿನಲ್ಲಿ ಸೇರಿಸಿ ಹೇಳಿದ್ದೇ ಕೊನೆ, ಆಮೇಲೆ ನಾನು ಅದನ್ನು ಉಚ್ಚರಿಸಿರಲಿಲ್ಲ. ಆವತ್ತು ಅವರ ಕಿವಿಗೆ ಬಾಯಿ ಹಚ್ಚಿ, "ಯಮನೂರಪ್ಪಾ," ಎಂದೆ.

"ಯಾರು?" ಎಂದು ಕೇಳಿದರು. ನಾನು ಯಾರೆಂದೋ, ಯಮನೂರಪ್ಪ ಯಾರೆಂದೋ, ನನಗೆ ತಿಳಿಯಲಿಲ್ಲ.

ಮನೆಗೆ ಓಡಿಹೋಗಿ ಬಿಲ್ಲೆ ತಂದು ನಾನೇ ಅವರ ಕೊರಳಿಗೆ ಹಾಕಿದೆ. ಭರಮಪ್ಪನಾಗಿಯಾದರೂ ಇರಲಿ ಅನ್ನಿಸಿತ್ತು. ಹಿತ್ತಾಳೆ ಎದೆಗೆ ತಗುಲಿದ ಕೂಡಲೇ ಉಸಿರು ಸರಾಗವಾಯಿತು. "ತಡ ಆತಲ್ಲ ತಂಗಿ," ಎಂದು ಹೇಳಿ ಗೇಟಿನ ಕಡೆ ಹೊರಟರು. ಆವತ್ತಿನಿಂದ ನಾನು ಅಡಿಗೆ ಮನೆಯಲ್ಲಿ ಅಂಬಕ್ಕನ ಪಕ್ಕ ಮಲಗತೊಡಗಿದೆ. ಅವರು ಹೊರಗಿನ ಖೋಲಿಯಲ್ಲಿ ಒಬ್ಬರೇ. ಅಂಬಕ್ಕ ನನ್ನ ತಲೆ ಸವರುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ನನಗೂ ಇರಲಿಲ್ಲ. ಒಬ್ಬನೇ ಗಂಡಸಿನಲ್ಲಿ ಇಬ್ಬರೂ ಬೇರೆ ಬೇರೆಯವರನ್ನು ಹುಡುಕುತ್ತಿದ್ದೆವು. ಅವಳು ಹುಡುಕಿದವನು ಬರುತ್ತಿದ್ದ, ನಾನು ಹುಡುಕಿದವನು ಹೋಗುತ್ತಿದ್ದ. ಅದು ಅವಳಿಗೂ ಸಂತೋಷ ಕೊಡಲಿಲ್ಲ.

ಆ ಬೇಸಿಗೆಯಲ್ಲಿ ಮುನ್ಸಿಪಾಲ್ಟಿ ಚುನಾವಣೆ ಬಂತು. ಜಾಬರನ ಎದುರು ಒಬ್ಬ ವಕೀಲ ನಿಂತು, ನಲ್ಲಿ ನೀರು, ದವಾಖಾನೆ ಎಂದು ಚಾಳು ಚಾಳು ತಿರುಗಿ ಗಂಟಲು ಹರಿದುಕೊಂಡ. ಜಾಬರ ಮನೆಯಿಂದ ಹೊರಗೆ ಬರಲಿಲ್ಲ. ವಕೀಲನ ಮಾತು ಕೇಳಿ ಕಣ್ಣೀರು ಹಾಕಿದವರೂ ಮತ ಹಾಕುವ ಕೋಣೆಯೊಳಗೆ ಹೋಗಿ ಇಬ್ಬರ ಎರಡು ಪೆಟ್ಟಿಗೆಗಳ ಮುಂದೆ ನಿಂತ ಮೇಲೆ ಕೈ ತಾನಾಗಿಯೇ ಜಾಬರನ ಪೆಟ್ಟಿಗೆಯ ಕಡೆ ಹೋಯಿತೆಂದು ಹೇಳಿದರು. ಹಿಂದೆ ಯಾರೋ ಒಬ್ಬ ಸಂಗಪ್ಪ, ಯಾರೋ ಒಬ್ಬ ಭರಮಪ್ಪ ಅಂಜಿಯೋ ಆಸೆಗೋ ಒಮ್ಮೆ ಅಲ್ಲಿ ಚೀಟಿ ಹಾಕಿದ್ದರಂತೆ. ಹೆಸರುಗಳು ಅದನ್ನು ಮರೆತಿರಲಿಲ್ಲ. ವಕೀಲ ಮರುದಿನವೇ ಊರು ಬಿಟ್ಟ.

ಗೆದ್ದ ಮೇಲೆ ಜಾಬರ ಗಿರಣಿಯಲ್ಲಿ ಇನ್ನೊಂದು ಪಾಳಿ ಶುರು ಮಾಡಿಸಿದ. ಹಳೆಯ ಬಾಯ್ಲರಿಗೆ ಬಿಡುವೇ ಇಲ್ಲವಾಯಿತು. ತಪಾಸಣೆಗೆಂದು ಬಂದ ಸಾಹೇಬರು ಜಾಬರನ ಮನೆಯಲ್ಲಿ ಊಟ ಮಾಡಿ, ಅಲ್ಲೇ ಕುಳಿತು ಬಾಯ್ಲರ್ ಗಟ್ಟಿಯಾಗಿದೆಯೆಂದು ಸರ್ಟಿಫಿಕೇಟು ಕೊಟ್ಟು, ಬಾಯ್ಲರಿನ ಮುಖವನ್ನೂ ನೋಡದೆ ಹೋದರು. ಇದು ಊರಿಗೆಲ್ಲ ಗೊತ್ತಿತ್ತು.

ಒಂದು ದಿನ ಮಧ್ಯಾಹ್ನ ಅವರು ರೊಟ್ಟಿ ಮುರಿಯುತ್ತ ಹೇಳಿದರು. "ಬಾಯ್ಲರ್ ಒಳಗೊಳಗ ನರಳಾಕತ್ತೈತಿ. ಮೊಳಿ ಸಂದಿಯಿಂದ ಉಗಿ ಸೋರತೈತಿ. ಅವತ್ತೂ ಹಿಂಗ ನರಳಿತ್ತು."

"ಯಾವತ್ತು?" ಎಂದು ಅಂಬಕ್ಕ ಕೇಳಿದಳು.

"ಅವತ್ತ. ಮೊದಲು ಸಿಳ್ಳೆ ಹೊಡೆದಂಗ ಸಪ್ಪಳ ಬಂತು. ಆಮ್ಯಾಲ ಉಗಿ ಮಕಕ್ಕ ಬಡೀತು. ಉಸಿರು ಎಳಕೊಳ್ಳಾಕ ಆಗಲಿಲ್ಲ." ಅಷ್ಟು ಹೇಳಿ ಪಲ್ಲೆ ಕೇಳಿದರು. ನಾನು ಬಡಿಸಿದೆ. ಅಂಬಕ್ಕ ಗೋಡೆ ಹಿಡಿದು ನಿಂತಿದ್ದಳು. ತನ್ನ ಗಂಡ ಹೇಗೆ ಹೋದನೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಅವನೇ ಹೇಳಿದ್ದ, ಊಟ ಮಾಡುತ್ತ.

ನಾವಿಬ್ಬರೂ ಆವತ್ತೇ ಜಾಬರನ ಮನೆಗೆ ಹೋದೆವು. ಅವನು ಪಡಸಾಲೆಯ ತೂಗುಮಂಚದಲ್ಲಿ ಕುಳಿತಿದ್ದ. ನಮಗೆ ಕೂರಲು ಚಾಪೆ ಹಾಕಿಸಿ, ಮಜ್ಜಿಗೆ ತರಿಸಿದ. ಬಾಯ್ಲರನ್ನು ಕೆಲವು ದಿನ ಆರಿಸಿ ರಿಪೇರಿ ಮಾಡಿಸಿರೆಂದು ಅಂಬಕ್ಕ ಕೈ ಮುಗಿದಳು.

"ಬಾಯ್ಲರಿಗೆ ಸರ್ಟಿಫಿಕೇಟ್ ಐತಿ ತಾಯಿ."

"ಸರ್ಟಿಫಿಕೇಟು ಉಗಿ ತಡೀತದೇನ್ರೀ? ಅಲ್ಲಿದ್ದವರು ಸಾಯ್ತಾರ."

"ಯಾರು ಸಾಯ್ತಾರ?" ಜಾಬರನಿಗೆ ನಿಜವಾಗಿಯೂ ಆಶ್ಚರ್ಯವಾದಂತೆ ಕಂಡಿತು. "ಭರಮಪ್ಪ ಯಾವತ್ತರ ಸತ್ತಾನೇನು ಅಂಬಕ್ಕ? ನೀನ ಹೇಳು. ನಿನ್ನ ಕೈಯಾಗಿನ ಬಳಿ ಯಾವತ್ತರ ಕಡಿಮಿ ಆಗ್ಯಾವೇನು? ಬ್ಯಾರೆ ಊರಾಗ ಹೆಣ್ಣುಮಕ್ಕಳು ಗಂಡನ್ನ ಕಳಕೊಂಡು ಬೀದಿಗೆ ಬೀಳತಾರ. ನನ್ನ ಊರಾಗ ಒಬ್ಬಾಕಿ ಬಿದ್ದಿಲ್ಲ. ಮಜ್ಜಿಗಿ ಕುಡೀರಿ."

ನಾವು ಮಜ್ಜಿಗೆ ಕುಡಿಯದೆ ಎದ್ದು ಬಂದೆವು.

ಬಾಯ್ಲರ್ ಒಡೆದದ್ದು ಸಂತೆಯ ದಿನ ಹಗಲಿನಲ್ಲಿ. ಅವರು ಪಾಳಿಗೆ ಹೋಗಿದ್ದರು, ನಾನು ಈರುಳ್ಳಿ ಆರಿಸುತ್ತಿದ್ದೆ. ನೆಲ ಅಲುಗಿತು, ಹಕ್ಕಿಗಳು ಎದ್ದವು, ಆಮೇಲೆ ಬಿಳಿ ಉಗಿ ಚಿಮಣಿಗಿಂತ ಎತ್ತರಕ್ಕೆ ಏರಿ ನಿಂತಿತು. ಎಲ್ಲರೂ ಗೇಟಿಗೆ ಓಡಿದೆವು. ಗೇಟು ಹಾಕಿತ್ತು. ಒಳಗಿನಿಂದ ಯಾರದೂ ಕೂಗು ಕೇಳಲಿಲ್ಲ. ಸಂಜೆಯವರೆಗೆ ನಿಂತೆವು. ಜಾಬರ ಬಂದು, "ಒಂದು ಪೈಪು ಒಡದೈತಿ, ಮನಿಗೆ ಹೋಗ್ರಿ, ನಿಮ್ಮ ನಿಮ್ಮವರು ನಾಳೆ ಬರ್ತಾರ," ಎಂದ. ಹೆಂಗಸರು ಮನೆಗೆ ಹೋದರು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತಿತ್ತು, ನಾಳೆ ಬರುತ್ತಾರೆಂಬುದು ಸುಳ್ಳಲ್ಲವೆಂಬುದೂ ಗೊತ್ತಿತ್ತು.

ಮರುದಿನದ ರೈಲು ತುಂಬಿ ಬಂತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಲ್ಲಿ ಒಬ್ಬ ಬಂದು ನಿಂತ. ಸಣಕಲು ಮನುಷ್ಯ, ಅವನ ಬೆನ್ನ ಹಿಂದೆ ಅವನ ಮುದಿ ತಾಯಿ. ಕೊರಳಲ್ಲಿ ಬಿಲ್ಲೆ ಇತ್ತು. ಬಿಸಿಗೆ ಅದರ ಒಂದು ಅಂಚು ಬಾಗಿತ್ತು. ಅದನ್ನು ನೋಡಿದ ಮೇಲೆ ನನಗೆ ಇನ್ನೇನೂ ಕೇಳುವುದು ಉಳಿಯಲಿಲ್ಲ.

"ಭರಮಪ್ಪನ ಮನೆ ಇದೇ ಅಂದ್ರು ಕಣಮ್ಮ," ಎಂದು ಅವನು ಬೇರೆ ಸೀಮೆಯ ಮಾತಿನಲ್ಲಿ ಹೇಳಿದ. "ನಂಗೇನೂ ಗೊತ್ತಿಲ್ಲ. ನಮ್ಮವ್ವ ಮೂರು ದಿನದಿಂದ ಏನೂ ತಿಂದಿಲ್ಲ."

ಅಂಬಕ್ಕ ಅವರಿಬ್ಬರನ್ನೂ ಜಗುಲಿಯ ಮೇಲೆ ಕೂರಿಸಿ ಊಟ ಹಾಕಿದಳು. ಮುದುಕಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಟ್ಟಳು. ಊಟವಾದ ಮೇಲೆ ಅವನನ್ನು ಕೇಳಿದಳು. "ನಿನ್ನ ಹೆಸರೇನು?"

"ಭರಮಪ್ಪ ಅಂತ..."

"ಅದಲ್ಲ."

ಅವನು ಆಚೆ ಈಚೆ ನೋಡಿ, "ಬೋರಯ್ಯ," ಎಂದ.

"ಬೋರಯ್ಯ, ಇಲ್ಲೇ ಜಗಲಿ ಮ್ಯಾಲ ಇರು. ನಿಮ್ಮವ್ವನ್ನ ನಾವು ನೋಡಿಕೋತೀವಿ. ಒಳಗ ಮಾತ್ರ ಬರಬ್ಯಾಡ. ದಿನಾ ಮುಂಜಾನೆ, ಸಂಜಿ ನಾ ನಿನ್ನ ಹೆಸರು ಕೇಳತೀನಿ, ನೀ ಹೇಳಬೇಕು."

ಬಾಯ್ಲರಿನ ಸದ್ದು ದೂರದವರೆಗೂ ಕೇಳಿತ್ತಂತೆ. ವಾರದೊಳಗೆ ರಾಜಧಾನಿಯಿಂದ ವಿಚಾರಣೆಗೆ ಒಬ್ಬ ದೊಡ್ಡ ಅಧಿಕಾರಿ ಬಂದರು. ಗಿರಣಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಧಿಕಾರಿಗಳ ಪಕ್ಕದಲ್ಲಿ ಜಾಬರ, ಮುಂದೆ ಕೆಲಸಗಾರರ ಸಾಲು, ಹಗ್ಗದಾಚೆ ನಾವು ಹೆಂಗಸರು. ಗುಮಾಸ್ತ ಬಾಯ್ಲರ್ ಕಡೆಯ ಹೆಸರುಗಳನ್ನು ಕೂಗತೊಡಗಿದ. ಒಂದೊಂದು ಹೆಸರಿಗೂ ಒಬ್ಬೊಬ್ಬ "ಹಾಜರ್" ಎಂದ. ರೈಲಿಳಿದು ವಾರವಾಗದವರು. ಕೆಲವರಿಗೆ ಅಂಗಿ ದೊಡ್ಡದಾಗಿತ್ತು. ಅಧಿಕಾರಿಗಳು ತಲೆಯಾಡಿಸುತ್ತ ಸೋಡಾ ಕುಡಿಯುತ್ತಿದ್ದರು.

"ಭರಮಪ್ಪ."

ಬೋರಯ್ಯ ಬಾಯಿ ತೆರೆದ. ಅಷ್ಟರಲ್ಲಿ ಅಂಬಕ್ಕ ಹಗ್ಗ ದಾಟಿ ಮುಂದೆ ಹೋಗಿದ್ದಳು. ಎರಡೂ ಕೈಗಳನ್ನು ಅಧಿಕಾರಿಗಳ ಮೇಜಿನ ಅಂಚಿಗೆ ಬಡಿದಳು. ಹಸಿರು ಬಳೆಯ ಚೂರುಗಳು ಮೇಜಿನ ಮೇಲೆಲ್ಲ ಹಾರಿದವು. ಆ ಸದ್ದನ್ನು ಆ ಊರಿನವರು ಕೇಳಿರಲೇ ಇಲ್ಲ.

"ಭರಮಪ್ಪ ಸತ್ತಾನ," ಎಂದಳು. "ಬಾಳ ಹಿಂದನ ಸತ್ತಾನ. ನಾ ಅವನ ಹೆಂಡತಿ."

ನನ್ನ ಕಾಲು ನನ್ನನ್ನು ಅವಳ ಪಕ್ಕಕ್ಕೆ ಕರೆದೊಯ್ದಿತ್ತು. "ಯಮನೂರಪ್ಪ ಸತ್ತಾನ," ಎಂದೆ. "ನೇಕಾರ. ಹೋದ ವಾರ ಈ ಗಿರಣ್ಯಾಗ ಉಗಿ ಬಡದು ಸತ್ತಾನ. ನಾನು ಅವನ ಹೆಂಡತಿ ಕೆಂಚವ್ವ." ಅಷ್ಟು ಜನ ಗಂಡಸರ ಮುಂದೆ ಅವರ ಹೆಸರು ಹೇಳಿದೆ. ನಾಚಿಕೆಯಾಗಲಿಲ್ಲ. ಬಳೆಗಳನ್ನು ಅದೇ ಮೇಜಿಗೆ ಬಡಿದೆ.

ಜಾಬರ ನಕ್ಕ. "ಸಾಹೇಬರ, ಒಬ್ಬಾಕಿ ಹೆಂಡತಿ, ಒಬ್ಬಾಕಿ ತಂಗಿ. ದುಃಖದಾಗ ತಲಿ ಕೆಟ್ಟೈತಿ. ಭರಮಪ್ಪ ಇಲ್ಲೇ ನಿಂತಾನ ನೋಡ್ರಿ. ಏ ಭರಮಪ್ಪಾ, ಹೇಳಪಾ."

ಬೋರಯ್ಯ ಅಂಜುಬುರುಕ. ಹಗ್ಗದಾಚೆ ಕುಳಿತಿದ್ದ ತಾಯಿಯನ್ನು ನೋಡಿದ. ಕೊರಳಿನಿಂದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ. "ನಾನು ಬೋರಯ್ಯ ಸ್ವಾಮಿ. ಬಂದು ಐದು ದಿನ ಆಯ್ತು," ಎಂದ.

ಆಮೇಲೆ ಬಳೆಗಳ ಸದ್ದು ಹಗ್ಗದುದ್ದಕ್ಕೂ ಸಾಗಿತು. ಕಂಬಕ್ಕೆ, ಕಲ್ಲಿಗೆ, ಗೇಟಿನ ಸರಳಿಗೆ. ಪಕ್ಕದ ಖೋಲಿಯವಳು ಯಾವ ಗಂಡನಿಗೆಂದು ಒಡೆಯುತ್ತಿದ್ದಳೋ, ಒಡೆಯುತ್ತಲೇ ಇದ್ದಳು. ಸಾಲಿನಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಬಿಲ್ಲೆ ತೆಗೆದು ತಮ್ಮ ತಮ್ಮ ಹೆಸರು ಹೇಳತೊಡಗಿದರು. ಹೊಸಬರು ಬೇಗ ಹೇಳಿದರು. ಹಳಬರಿಗೆ ತಡವಾಯಿತು. ಸಂಗಪ್ಪನೆಂಬ ಮುದುಕ ಬಿಲ್ಲೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಂದೇನಿತ್ತು? ಯಾರಿಗರ ಗೊತ್ತೈತೇನು?" ಎಂದು ಮುಖ ಮುಖ ನೋಡುತ್ತ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನು ಸಾಲು ಬಿಟ್ಟು ಗೇಟು ದಾಟಿ ಹೊರಟುಹೋದ. ಅವನನ್ನು ಮತ್ತೆ ಕಂಡವರಿಲ್ಲ.

ಅಧಿಕಾರಿಗಳು ಕೋಟಿನ ಮೇಲಿನ ಬಳೆಚೂರು ಕೊಡವಿಕೊಂಡು ಜಾಬರನ ಮನೆಗೆ ಊಟಕ್ಕೆ ಹೋದರು. ನಾವು ಸ್ಟೇಷನ್ನಿಗೆ ಹೋದೆವು. ಆಳು ತಂದ ರೈಲು ಪ್ರತಿ ಸಲವೂ ಹೋಗುವಾಗ ಮುಚ್ಚಿದ ಡಬ್ಬಿಯೊಂದನ್ನು ಎಳೆದುಕೊಂಡು ಹೋಗುತ್ತಿತ್ತು. ಅದರಲ್ಲಿ ಏನಿದೆಯೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಆ ಸಲ ಅದು ಎಂಜಿನ್ನಿಗೆ ಕಾದು ಇನ್ನೂ ಪಕ್ಕದ ಹಳಿಯ ಮೇಲೇ ನಿಂತಿತ್ತು. ಕಾವಲಿನವನು ನಮ್ಮ ಖಾಲಿ ಕೈಗಳನ್ನು ನೋಡಿ ತಾನೇ ಚಿಲಕ ತೆಗೆದ.

ಒಳಗೆ ಸಾಲಾಗಿ ಹೆಣಗಳು. ಉಗಿ ಯಾರ ಮುಖವನ್ನೂ ಬಿಟ್ಟಿರಲಿಲ್ಲ. ನಾನು ಒಬ್ಬೊಬ್ಬರ ಹತ್ತಿರವೂ ಕುಳಿತು ನೋಡಿದೆ. ನನ್ನವರು ಯಾರೆಂದು ತಿಳಿಯಲಿಲ್ಲ. ಕೊನೆಗೆ ಅಂಬಕ್ಕ, "ಎಲ್ಲಾರೂ ನಮ್ಮವರ," ಎಂದಳು. ಎಲ್ಲರನ್ನೂ ಎಲ್ಲ ಹೆಂಗಸರೂ ಸೇರಿ ತೊಳೆದೆವು. ಹಳಿಯಾಚೆಯ ಬಯಲಿನಲ್ಲಿ ಗಂಡಸರು ಕುಣಿ ತೋಡಿದರು. ಮಣ್ಣು ಹಾಕುವಾಗ ಗೊತ್ತಿದ್ದ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಹೇಳಿದೆವು.

ಬಾಯ್ಲರ್ ಗಟ್ಟಿಯಾಗಿತ್ತು, ಸಾವುನೋವು ಇಲ್ಲ ಎಂದೇ ರಾಜಧಾನಿಯಲ್ಲಿ ತೀರ್ಮಾನವಾಯಿತು. ಜಾಬರ ಮುಂದಿನ ಚುನಾವಣೆಯಲ್ಲೂ ಗೆದ್ದ, ಆದರೆ ಈ ಸಲ ಮನೆ ಮನೆ ತಿರುಗಬೇಕಾಯಿತು, ಬೆವರು ಒರೆಸಿಕೊಳ್ಳಬೇಕಾಯಿತು. ಹಳೆಯ ಬಿಲ್ಲೆಗಳನ್ನು ಕರಗಿಸಿ ಹೊಸದು ಮಾಡಿಸಿದ. ಅವುಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. "ಹೆಸರು ಇದ್ರ ತಾನ ಈ ರಗಳಿ," ಎಂದನಂತೆ.

ನಾನು, ಅಂಬಕ್ಕ, ಬೋರಯ್ಯನ ತಾಯಿ ಸೇರಿ ಗಿರಣಿಯ ಎದುರು ಖಾನಾವಳಿ ಇಟ್ಟೆವು. ಬೋರಯ್ಯ ಕಟ್ಟಿಗೆ ಒಡೆಯುತ್ತಾನೆ. ಊಟಕ್ಕೆ ಕುಳಿತವನು ಹೆಸರು ಹೇಳದೆ ನಾವು ಬಡಿಸುವುದಿಲ್ಲ, ಅದೊಂದೇ ನಮ್ಮ ಕಟ್ಟಳೆ. ಮೊದಮೊದಲು ಹುಡುಗರು ನಗುತ್ತ ಹೇಳುತ್ತಿದ್ದರು. ಈಚೆಗೆ ಹೇಳಲು ಹೊತ್ತು ಹಿಡಿಯುತ್ತಿದೆ. ನಿನ್ನೆ ಒಬ್ಬ ಬಂದ. ನೂಲು ಖಾತೆಯವನು, ತಲೆತುಂಬ ಅರಳೆ. ಅಂಬಕ್ಕ ಕೇಳಿದಳು. ಅವನು ಬಿಲ್ಲೆ ಮುಟ್ಟಿ ನಂಬರು ಹೇಳಿದ.

"ಅದಲ್ಲಪಾ. ನಿಮ್ಮವ್ವ ಏನಂತ ಕರೀತಿದ್ಲು?"

ಅವನು ಗೋಡೆ ನೋಡುತ್ತ ಕುಳಿತ. ತಿರುವಿ ತಿರುವಿ ಬಿಲ್ಲೆಯನ್ನೇ ಉಜ್ಜಿದ. ಅವನ ಹಿಂದೆ ಜಾಗಕ್ಕೆ ಕಾದು ನಿಂತವರಲ್ಲಿ ಯಾರೂ ಅವಸರ ಮಾಡಲಿಲ್ಲ. ಗಿರಣಿಯ ಸೀಟಿ ಹೊಡೆಯಿತು, ಆದರೂ ಯಾರೂ ಕದಲಲಿಲ್ಲ. ಅಂಬಕ್ಕ ಆರಿದ ರೊಟ್ಟಿಯನ್ನು ಒಳಗೊಯ್ದು ಹಂಚಿನ ಮೇಲೆ ಬಿಸಿ ಮಾಡಿ ತಂದಳು.

"ಮ..." ಎಂದ ಅವನು. ಕಣ್ಣು ಮುಚ್ಚಿಕೊಂಡು ಮತ್ತೆ, "ಮ..."

ಅಂಬಕ್ಕ ಅವನ ತಟ್ಟೆಗೆ ಅರ್ಧ ರೊಟ್ಟಿ ಮುರಿದು ಹಾಕಿದಳು. ಇನ್ನರ್ಧವನ್ನು ಕೈಯಲ್ಲೇ ಹಿಡಿದು ಅವನ ಮುಂದೆ ಕುಳಿತಳು.